ಟ್ರ್ಯಾಕ್ ಕಾರಿನ ಟೈರ್ ಉಜ್ಜುವಿಕೆ ಮತ್ತು ವೀಲ್ ಸ್ಪೇಸರ್: ಹತ್ತು ಮಿಲಿಮೀಟರಿಗಾಗಿ ಮೂರು ತಿಂಗಳು

ಟ್ರ್ಯಾಕ್‌ನಲ್ಲಿ ಓಡಿಸಲೆಂದೇ ಇಟ್ಟುಕೊಂಡಿರುವ ನನ್ನ ಕಾರಿನ ಮುಂದಿನ ಟೈರ್‌ಗಳು ಒಳಬದಿಯಲ್ಲಿ ಉಜ್ಜುತ್ತಿದ್ದ ತೊಂದರೆ ಕಳೆದ ವಾರ ಪೂರ್ತಿಯಾಗಿ ನಿಂತಿತು. ಸ್ಪೇಸರ್ ಎಂಬ ಎರಡು ಲೋಹದ ಬಿಲ್ಲೆಗಳನ್ನು ಚಕ್ರದ ಹಿಂದೆ ಇಟ್ಟು ನಟ್ ಬಿಗಿದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವೆಂದು ನಾನು ಎಣಿಸಿದ್ದೆ. ಅದಕ್ಕೆ ಮೂರು ತಿಂಗಳು ಹಿಡಿಯಿತು, ಒಂದು ಟೈರ್ ಹಾಳಾಯಿತು, ಪ್ರವೇಶ ಶುಲ್ಕ ಕಟ್ಟಿದ್ದ ಒಂದು ಟ್ರ್ಯಾಕ್ ದಿನ ಕೈತಪ್ಪಿತು. ಇದೇ ಕೆಲಸಕ್ಕೆ ಕೈಹಾಕಲಿರುವವರಿಗೆ ನಾನು ಎಡವಿದ ಜಾಗಗಳು ಮೊದಲೇ ತಿಳಿದಿರಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಕಾರು ಮುಂಚಕ್ರ ಚಾಲನೆಯ ಸಣ್ಣ ಹ್ಯಾಚ್‌ಬ್ಯಾಕ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇದೆ, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಸೇರಿದ್ದು ಚಕ್ರದ ಒಳಬದಿಗೆ ನಿಂತಿರುತ್ತದೆ. ಕಾರ್ಖಾನೆಯಿಂದ ಬಂದ ಚಕ್ರ 17 ಇಂಚು ವ್ಯಾಸ, 8 ಇಂಚು ಅಗಲದ್ದು, ಆಫ್‌ಸೆಟ್ (ಚಕ್ರದ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖಕ್ಕಿರುವ ದೂರ; ಹೆಚ್ಚಿದಷ್ಟೂ ಚಕ್ರ ಒಳಗೆ) 50 ಮಿಲಿಮೀಟರ್, ಟೈರ್ 225/45, ಅಂದರೆ 225 ಮಿಲಿಮೀಟರ್ ಅಗಲ, ಅದರ ಶೇಕಡಾ 45ರಷ್ಟು ಎತ್ತರದ ಗೋಡೆ. ಹಿಡಿತ ಹೆಚ್ಚಲೆಂದು ನಾನು 9 ಇಂಚು ಅಗಲದ, 45 ಆಫ್‌ಸೆಟ್‌ನ ಚಕ್ರಗಳಿಗೆ 245/40 ಟೈರ್ ಹಾಕಿಸಿದೆ. ಮುಂದಿನ ಟೈರ್‌ಗಳ ಹೊರ ಅಂಚು ಬೇಗ ಸವೆಯುತ್ತಿದ್ದುದರಿಂದ, ಸ್ಟ್ರಟ್ಟನ್ನು ನಕ್ಕಲ್‌ಗೆ (ಚಕ್ರವನ್ನು ಹೊತ್ತಿರುವ ಲೋಹದ ತುಂಡಿಗೆ) ಜೋಡಿಸುವ ಎರಡು ಬೋಲ್ಟ್‌ಗಳಲ್ಲಿ ಮೇಲಿನದನ್ನು ಬದಲಿಸಿ ಕ್ಯಾಂಬರ್ ಬೋಲ್ಟ್ ಹಾಕಿಸಿ, ಸುಮಾರು ಒಂದೂವರೆ ಡಿಗ್ರಿಯಷ್ಟು ಹೆಚ್ಚು ಋಣ ಕ್ಯಾಂಬರ್, ಅಂದರೆ ಚಕ್ರದ ತಲೆ ಕಾರಿನ ಒಳಕ್ಕೆ ವಾಲುವಿಕೆ, ಪಡೆದೆ. ಈ ಎರಡೂ ಕೆಲಸಗಳನ್ನು ಒಂದೇ ವಾರದಲ್ಲಿ ಮಾಡಿಸಿದ್ದು ನನ್ನ ತಪ್ಪು. ಮುಂದೆ ಯಾವುದರಿಂದ ಎಷ್ಟು ತೊಂದರೆಯಾಯಿತು ಎಂದು ಬಿಡಿಸಿ ನೋಡುವುದಕ್ಕೆ ಅದರಿಂದಲೇ ತಡವಾಯಿತು.

ಮೊದಲ ಟ್ರ್ಯಾಕ್ ದಿನದ ಮೂರನೆಯ ಸರದಿಯಲ್ಲಿ ರಬ್ಬರ್ ಸುಟ್ಟ ವಾಸನೆ ಬಂತು. ಟೈರ್ ಕಾದಾಗ ಬರುವ ವಾಸನೆಗಿಂತ ಅದು ತೀಕ್ಷ್ಣವಾಗಿತ್ತಾದರೂ ನಾನು ಗಮನ ಕೊಡದೆ ಇನ್ನೂ ನಾಲ್ಕು ಸುತ್ತು ಓಡಿಸಿದೆ. ಗಾಡಿ ನಿಲ್ಲಿಸಿ ಚಕ್ರ ಬಿಚ್ಚಿದಾಗ ಬಲಗಡೆಯ ಟೈರಿನ ಒಳಗೋಡೆಯ ಸುತ್ತ ಬಳೆಯಂತೆ ಹೊಳೆಯುವ ಗೆರೆ ಕಂಡಿತು. ಬೆರಳು ಆಡಿಸಿದರೆ ಉಗುರು ಸಿಕ್ಕುವಷ್ಟು ಆಳ. ಟೈರಿನ ಗೋಡೆಯಲ್ಲಿ ರಬ್ಬರ್ ತೆಳುವಾಗಿರುತ್ತದೆ, ಅದರ ಹಿಂದೆಯೇ ಭಾರ ಹೊರುವ ದಾರಗಳಿರುತ್ತವೆ. ನೇರ ರಸ್ತೆಯ ಕೊನೆಯಲ್ಲಿ ಪೂರ್ತಿ ವೇಗದಲ್ಲಿರುವಾಗ ಆ ದಾರಗಳು ಕಡಿದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಬಂದು ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆ ಟೈರನ್ನು ನಾನು ಮತ್ತೆ ಬಳಸಲಿಲ್ಲ. ಗೋಡೆ ಉಜ್ಜಿಹೋದ ಟೈರನ್ನು ಅನುಭವಿ ಕೆಲಸಗಾರರು ಒಳಗೂ ಹೊರಗೂ ನೋಡುವ ತನಕ ವೇಗದಲ್ಲಿ ಓಡಿಸಬೇಡಿ ಎಂದು ಮೊದಲಿಗೇ ಹೇಳಿಬಿಡುತ್ತೇನೆ.

ಎಲ್ಲಿ ತಾಗುತ್ತಿದೆ ಎಂಬುದನ್ನು ಊಹಿಸಬಾರದು, ಕಣ್ಣಾರೆ ನೋಡಬೇಕು. ಸ್ಪೇಸರ್ ಚಕ್ರವನ್ನು ಹೊರಕ್ಕೆ ಮಾತ್ರ ತಳ್ಳುತ್ತದೆ. ಆದ್ದರಿಂದ ಟೈರ್ ಒಳಗಡೆ ಸ್ಟ್ರಟ್ಟಿಗೋ ಸ್ಪ್ರಿಂಗಿನ ತಟ್ಟೆಗೋ ತಾಗುತ್ತಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಫೆಂಡರಿನ (ಚಕ್ರದ ಮೇಲಿನ ಹೊರ ತಗಡಿನ) ಅಂಚಿಗೆ ತಾಗುತ್ತಿದ್ದರೆ ತೊಂದರೆಯನ್ನು ಇಮ್ಮಡಿ ಮಾಡುತ್ತದೆ. ನನ್ನ ಕಾರಿನಲ್ಲಿ ಸ್ಪ್ರಿಂಗನ್ನು ಹೊತ್ತಿರುವ ತಟ್ಟೆಯ ಕೆಳ ಅಂಚಿನಲ್ಲಿ ಬಣ್ಣ ಹೋಗಿ ಲೋಹ ಕನ್ನಡಿಯಂತಾಗಿತ್ತು. ಸಂಶಯ ಉಳಿಯಬಾರದೆಂದು ಟೈರಿನ ಒಳಗೋಡೆಗೆ ಸೀಮೆಸುಣ್ಣ ಬಳಿದು, ತಟ್ಟೆಯ ಮೇಲೆ ತೆಳುವಾಗಿ ಮಕ್ಕಳು ಆಡುವ ಬಣ್ಣದ ಮೇಣದ ಮಣ್ಣು ಅಂಟಿಸಿ ಒಂದು ಸುತ್ತು ಓಡಿಸಿ ನೋಡಿದೆ, ಮಣ್ಣು ಕೊಚ್ಚಿಹೋಗಿತ್ತು. ನಿಂತ ಕಾರಿನಲ್ಲಿ ಎಡೆ ಅಳೆಯಲು ಷಟ್ಕೋನದ ಆಲನ್ ಕೀಲಿಗಳನ್ನು ಬಳಸಿದೆ: 2 ಮಿಲಿಮೀಟರಿನದು ನುಸುಳುತ್ತಿತ್ತು, 3 ಮಿಲಿಮೀಟರಿನದು ನುಸುಳುತ್ತಿರಲಿಲ್ಲ.

ಬಲ ತಿರುವುಗಳೇ ಹೆಚ್ಚಿರುವ ಟ್ರ್ಯಾಕ್‌ನಲ್ಲಿ ಭಾರವೆಲ್ಲ ಎಡ ಚಕ್ರದ ಮೇಲೆ ಬೀಳುವಾಗ ಬಲ ಚಕ್ರ ಏಕೆ ಉಜ್ಜಬೇಕು ಎಂಬುದು ನನ್ನನ್ನು ಬಹಳ ದಿನ ಕಾಡಿತು. ಯೋಚಿಸಿದಾಗ ಕಾರಣ ಸರಳವಾಗಿ ಹೊಳೆಯಿತು. ಬಲಕ್ಕೆ ತಿರುಗುವಾಗ ನೆಲವು ಎರಡೂ ಟೈರ್‌ಗಳ ಬುಡವನ್ನು ಬಲಕ್ಕೆ ನೂಕುತ್ತದೆ. ಎಡ ಚಕ್ರಕ್ಕೆ ಅದು ಕಾರಿನ ಒಳಮುಖದ ನೂಕು, ಆದ್ದರಿಂದ ಅದರ ತಲೆ ಸ್ಟ್ರಟ್ಟಿನಿಂದ ದೂರ ವಾಲುತ್ತದೆ. ಬಲ ಚಕ್ರಕ್ಕೆ ಅದೇ ನೂಕು ಹೊರಮುಖದ್ದು, ಹಾಗಾಗಿ ಅದರ ತಲೆ ಸ್ಟ್ರಟ್ಟಿನ ಕಡೆಗೆ ವಾಲುತ್ತದೆ. ಹಬ್ (ಚಕ್ರವನ್ನು ಬಿಗಿಯುವ, ಅದರೊಡನೆ ತಿರುಗುವ ನಡುಭಾಗ), ಬೇರಿಂಗ್, ಚಕ್ರ ಎಲ್ಲವೂ ಅಷ್ಟಿಷ್ಟು ಬಾಗುವುದರಿಂದ 2 ಮಿಲಿಮೀಟರಿನ ಎಡೆ ಉಳಿಯುವುದಿಲ್ಲ. ನಿಂತ ಕಾರಿನಲ್ಲಿ ಎಡೆ ಇದೆಯೆಂದು ಸಮಾಧಾನಪಡಬಾರದು ಎಂಬುದು ಇದರಿಂದ ನನಗೆ ಮನದಟ್ಟಾಯಿತು.

ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಹಬ್ಬಿಗೆ ಚಕ್ರ ಕೂರುವ ಮುಖದಿಂದ ಟೈರಿನ ಒಳ ಅಂಚಿಗೆ ಇರುವ ದೂರವೆಂದರೆ ಟೈರಿನ ಅರ್ಧ ಅಗಲಕ್ಕೆ ಆಫ್‌ಸೆಟ್ ಕೂಡಿಸಿದ್ದು. ಹೊರ ಅಂಚಿಗೆ ಇರುವ ದೂರವೆಂದರೆ ಅರ್ಧ ಅಗಲದಿಂದ ಆಫ್‌ಸೆಟ್ ಕಳೆದದ್ದು. ಹಳೆಯ ಜೋಡಿಯಲ್ಲಿ ಒಳಗೆ 112.5 ಮತ್ತು 50 ಸೇರಿ 162.5, ಹೊಸದರಲ್ಲಿ 122.5 ಮತ್ತು 45 ಸೇರಿ 167.5. ಅಂದರೆ ಟೈರ್ 5 ಮಿಲಿಮೀಟರ್ ಒಳಗೆ ಬಂದಿತ್ತು, 15 ಮಿಲಿಮೀಟರ್ ಹೊರಗೆ ಹೋಗಿತ್ತು. ಒಂದೇ ಅಳತೆಯ ಹೆಸರಿದ್ದರೂ ತಯಾರಕರಿಂದ ತಯಾರಕರಿಗೆ ಟೈರಿನ ನಿಜವಾದ ಅಗಲ ಬದಲಾಗುತ್ತದೆ, ಆದ್ದರಿಂದ ಈ ಲೆಕ್ಕ ದಾರಿ ತೋರಿಸುತ್ತದೆಯೇ ಹೊರತು ಕೊನೆಯ ಮಾತಲ್ಲ. ಉಳಿದ ಎಡೆಯನ್ನು ತಿಂದದ್ದು ಕ್ಯಾಂಬರ್ ಬೋಲ್ಟ್. ಅದು ಚಕ್ರವನ್ನು ಸ್ಟ್ರಟ್ಟಿನ ಬುಡದಲ್ಲಿ ವಾಲಿಸುವುದರಿಂದ ಟೈರಿನ ತಲೆ ಸ್ಟ್ರಟ್ಟಿನ ಹತ್ತಿರ ಬರುತ್ತದೆ: ಬೋಲ್ಟಿನಿಂದ 20 ಸೆಂಟಿಮೀಟರ್ ಮೇಲಿರುವ ತಟ್ಟೆಯ ಬಳಿ ಒಂದು ಡಿಗ್ರಿಗೆ ಸುಮಾರು 3.5 ಮಿಲಿಮೀಟರ್, ಒಂದೂವರೆ ಡಿಗ್ರಿಗೆ 5 ಮಿಲಿಮೀಟರಿಗಿಂತ ತುಸು ಹೆಚ್ಚು. ಇದೇ ಕ್ಯಾಂಬರನ್ನು ಸ್ಟ್ರಟ್ಟಿನ ಮೇಲ್ತುದಿಯಲ್ಲಿ ಕೂರುವ ಕ್ಯಾಂಬರ್ ಪ್ಲೇಟಿನಿಂದ ಪಡೆದರೆ ಸ್ಟ್ರಟ್ ಮತ್ತು ಚಕ್ರ ಒಟ್ಟಿಗೇ ವಾಲುತ್ತವೆ, ನಡುವಿನ ಎಡೆ ಹಾಗೆಯೇ ಉಳಿಯುತ್ತದೆ. ನಾನು ಓಡಿಸುವ ವರ್ಗದ ನಿಯಮದಲ್ಲಿ ಮೇಲಿನ ಮೌಂಟ್ ಬದಲಿಸಲು ಅವಕಾಶವಿಲ್ಲ, ಸ್ಪೇಸರ್‌ಗೆ ಇದೆ. ಹಾಗಾಗಿ ನನಗೆ ಬೇರೆ ದಾರಿ ಇರಲಿಲ್ಲ. ನಿಮ್ಮ ನಿಯಮ ಒಪ್ಪುವುದಾದರೆ ಸ್ಪೇಸರ್ ಕೊಳ್ಳುವ ಮೊದಲು ಕ್ಯಾಂಬರ್ ಪ್ಲೇಟನ್ನು ಯೋಚಿಸಿ. ಬಹುಶಃ ಸ್ಪೇಸರಿನ ಅಗತ್ಯವೇ ಬೀಳುವುದಿಲ್ಲ.

ಎರಡು ಮಿಲಿಮೀಟರಿಗೆ ಐದು ಸೇರಿದರೆ ಏಳಾಗುತ್ತದೆ, ಅಷ್ಟು ಸಾಕು ಎಂದು 5 ಮಿಲಿಮೀಟರ್ ದಪ್ಪದ, ಎಲ್ಲ ಕಾರುಗಳಿಗೂ ಹೊಂದುತ್ತವೆಂದು ಮಾರುವ ಚಪ್ಪಟೆ ಸ್ಪೇಸರ್ ಜೋಡಿಯೊಂದನ್ನು ಕೊಂಡೆ. ಹಾಕುವುದಕ್ಕೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಆದರೆ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಿದೊಡನೆ ಸ್ಟೀರಿಂಗ್ ನಡುಗತೊಡಗಿತು. ಚಕ್ರದ ಸುತ್ತ ತೂಕ ಸಮವಾಗಿರುವಂತೆ (ವೀಲ್ ಬ್ಯಾಲೆನ್ಸಿಂಗ್) ಎರಡು ಬಾರಿ ಸರಿಮಾಡಿಸಿದರೂ ನಡುಕ ಹೋಗಲಿಲ್ಲ. ವರ್ನಿಯರ್ ಹಿಡಿದು ಅಳೆದಾಗ ಕಾರಣ ಸಿಕ್ಕಿತು. ಹಬ್ಬಿನ ನಡುವಿನ ಉಬ್ಬು ಅಂಚು, ಅಂದರೆ ಚಕ್ರದ ನಡುರಂಧ್ರ ಕೂರುವ ಜಾಗ, ಕೇವಲ 7 ಮಿಲಿಮೀಟರ್ ಎತ್ತರವಿತ್ತು. 5 ಮಿಲಿಮೀಟರ್ ಸ್ಪೇಸರ್ ನುಂಗಿದ ಮೇಲೆ ಉಳಿದ 2 ಮಿಲಿಮೀಟರ್ ಚಕ್ರದ ರಂಧ್ರದ ಇಳಿಜಾರು ಅಂಚಿನಲ್ಲೇ ಮುಗಿದುಹೋಗುತ್ತಿತ್ತು. ಚಕ್ರವನ್ನು ನಡುವಿಗೆ ಹಿಡಿದಿಡಲು ಏನೂ ಉಳಿದಿರಲಿಲ್ಲ. ಶಂಕುವಿನಾಕಾರದ ನಟ್‌ಗಳು ಚಕ್ರವನ್ನು ಕೇಂದ್ರಕ್ಕೆ ಎಳೆಯುತ್ತವೆ, ನಿಜ. ಆದರೆ ಅದಕ್ಕೆ ಚಕ್ರ ಗಾಳಿಯಲ್ಲಿರುವಾಗಲೇ ನಟ್‌ಗಳನ್ನು ನಕ್ಷತ್ರದ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತಾ ಬರಬೇಕು. ಕಾರನ್ನು ಇಳಿಸಿ ಭಾರ ಬಿದ್ದ ಮೇಲೆ ಬಿಗಿದರೆ ಚಕ್ರ ಕೂದಲೆಳೆಯಷ್ಟು ಕೆಳಗೆ ಕೂರುತ್ತದೆ. ನಾನು ಮಾಡಿದ್ದು ಅದನ್ನೇ.

ಹಾಗೆ ಬಿಚ್ಚಿ ಮತ್ತೆ ಬಿಗಿದು ನಡುಕ ಕಡಿಮೆಯಾದ ಮೇಲೆ, ಎಲ್ಲ ಸರಿಹೋಯಿತೆಂಬ ನಂಬಿಕೆಯಲ್ಲಿ ಎರಡನೆಯ ಟ್ರ್ಯಾಕ್ ದಿನಕ್ಕೆ ಹೋದೆ. ತಾಂತ್ರಿಕ ತಪಾಸಣೆಯ ನಮೂನೆಯಲ್ಲಿ ಸ್ಪೇಸರ್ ಇದೆ ಎಂದು ನಾನೇ ಗುರುತು ಹಾಕಿದ್ದೆ. ಅದನ್ನು ನೋಡಿದ ತಪಾಸಕರು ಒಂದು ನಟ್ ಸಡಿಲಿಸಿ ಕೈಯಲ್ಲಿ ತಿರುಗಿಸುತ್ತಾ ಎಣಿಸಿದರು. ಏಳನೆಯ ಸುತ್ತು ದಾಟುತ್ತಲೇ ನಟ್ ಅವರ ಅಂಗೈಗೆ ಬಂತು. "ಸ್ಟಡ್ 12 ಮಿಲಿಮೀಟರ್, ಥ್ರೆಡ್ ಒಂದೂವರೆ. ಕಡಿಮೆಯೆಂದರೂ ಎಂಟು ಸುತ್ತು ಬೇಕು. ಇದನ್ನು ನಾನು ಬಿಡಲಾಗುವುದಿಲ್ಲ," ಎಂದರು. ಸ್ಟಡ್ ಎಂದರೆ ಹಬ್ಬಿನಿಂದ ಹೊರಚಾಚಿ ನಟ್ ಕೂರಿಸಿಕೊಳ್ಳುವ ತಿರುಪು ಕಡ್ಡಿ; ಒಂದು ಸುತ್ತಿಗೆ ನಟ್ ಅದರ ಮೇಲೆ ಒಂದೂವರೆ ಮಿಲಿಮೀಟರ್ ಸರಿಯುತ್ತದೆ. ಸ್ಟಡ್ಡಿನ ವ್ಯಾಸ ಎಷ್ಟೋ ಕನಿಷ್ಠ ಅಷ್ಟು ಉದ್ದ ನಟ್ ಹಿಡಿದಿರಬೇಕು ಎಂಬುದು ಅವರ ಲೆಕ್ಕ, ಅದು ಸರಿಯಾದ ಲೆಕ್ಕ. ಚಕ್ರ ನಿಲ್ಲುವುದು ನಟ್‌ಗಳು ಅದನ್ನು ಹಬ್ಬಿಗೆ ಒತ್ತಿ ಹಿಡಿಯುವ ಬಲದಿಂದ ಹುಟ್ಟುವ ಘರ್ಷಣೆಯ ಮೇಲೆ. ಆ ಒತ್ತಡ ಇಳಿದರೆ ಸ್ಟಡ್‌ಗಳು ಬಾಗತೊಡಗಿ ಕೊನೆಗೆ ಮುರಿಯುತ್ತವೆ. ಆ ದಿನವೆಲ್ಲ ಬೇಲಿಯ ಪಕ್ಕ ನಿಂತು ಬೇರೆಯವರು ಓಡಿಸುವುದನ್ನು ನೋಡಿದೆ. ಬೆಳಿಗ್ಗೆ ಹೊಟ್ಟೆಯಲ್ಲಿ ಸಂಕಟವಾಗಿತ್ತು, ಸಂಜೆಯ ಹೊತ್ತಿಗೆ ಅವರ ಬಗ್ಗೆ ಕೃತಜ್ಞತೆ ಮೂಡಿತ್ತು. ಸ್ಪೇಸರ್ ಹಾಕಿದ ದಿನವೇ ನೀವು ಮನೆಯಲ್ಲಿ ಈ ಸುತ್ತುಗಳನ್ನು ಎಣಿಸಿಕೊಳ್ಳಿ. ಅದಕ್ಕೆ ಯಾವ ಸಲಕರಣೆಯೂ ಬೇಡ.

ಈ ಬಾರಿ ಕೆಲಸವನ್ನು ಬುಡದಿಂದ ಯೋಚಿಸಿದೆ. ಚಕ್ರದ ರಂಧ್ರಕ್ಕೂ ಹಬ್ಬಿಗೂ ಒಂದೇ ವ್ಯಾಸವಿರುವಾಗ, ತನ್ನದೇ ಉಬ್ಬು ಅಂಚಿರುವ ಸ್ಪೇಸರ್ ಹಬ್ಬಿನ ಅಂಚಿನ ಎತ್ತರಕ್ಕಿಂತ ದಪ್ಪವಾಗಿರಲೇಬೇಕು, ಇಲ್ಲದಿದ್ದರೆ ಹೊಸ ಅಂಚಿಗೆ ಜಾಗವೇ ಇರುವುದಿಲ್ಲ. ಆದ್ದರಿಂದ ನನಗೆ ಸಿಗಬಹುದಾದ ಕನಿಷ್ಠ ದಪ್ಪ 10 ಮಿಲಿಮೀಟರ್. ತೆಳು ಸ್ಪೇಸರ್‌ಗಳೆರಡನ್ನು ಒಂದರ ಮೇಲೊಂದು ಇಡುವ ಉಪಾಯವನ್ನು ಒಬ್ಬರು ಹೇಳಿದರು. ಅದನ್ನು ಎಂದಿಗೂ ಮಾಡಬಾರದು. ಸ್ಪೇಸರನ್ನೇ ಹಬ್ಬಿಗೆ ಬಿಗಿದು, ಅದರದೇ ಸ್ಟಡ್‌ಗಳಿಗೆ ಚಕ್ರ ಕಟ್ಟುವ ಇನ್ನೊಂದು ಬಗೆಯೂ ಇದೆ, ಆದರೆ ಅದಕ್ಕೆ ಸಾಮಾನ್ಯವಾಗಿ 15ರಿಂದ 20 ಮಿಲಿಮೀಟರ್ ದಪ್ಪ ಬೇಕಾಗುತ್ತದೆ, ನನ್ನ ಫೆಂಡರ್ ಅಷ್ಟು ತಾಳುವಂತಿರಲಿಲ್ಲ. ಹಾಗಾಗಿ ಹಬ್ಬಿನ ಅಳತೆಗೆ ಸರಿಯಾಗಿ ಕಡೆದ 10 ಮಿಲಿಮೀಟರಿನ ಸ್ಪೇಸರ್ ಮತ್ತು 25 ಮಿಲಿಮೀಟರ್ ಹೆಚ್ಚು ಉದ್ದದ ಸ್ಟಡ್‌ಗಳನ್ನು ತರಿಸಲು ಹೇಳಿದೆ. ನಟ್‌ಗಳನ್ನೂ ಬದಲಿಸಬೇಕಾಯಿತು: ತುದಿ ಮುಚ್ಚಿದ ನಟ್‌ಗಳಲ್ಲಿ ಉದ್ದದ ಸ್ಟಡ್ ಒಳಗಿನ ಮುಚ್ಚಳಕ್ಕೆ ತಾಗಿ ಬಿಗಿಯಾದಂತೆ ತೋರುತ್ತದೆ, ಚಕ್ರ ಮಾತ್ರ ಸಡಿಲವಾಗಿಯೇ ಇರುತ್ತದೆ.

ಸ್ಪೇಸರ್ ಕಡೆದು ಬರುವುದಕ್ಕೆ ಮೂರು ವಾರ ಕಾಯಬೇಕಾಯಿತು. ಸ್ಟಡ್‌ಗಳು ಬೇಗ ಬಂದವು, ಆದರೆ ತಪ್ಪಾದವು ಬಂದವು. ಥ್ರೆಡ್ ಸರಿಯಿತ್ತು, ಉದ್ದ ಸರಿಯಿತ್ತು. ಹಬ್ಬಿನ ರಂಧ್ರದಲ್ಲಿ ಕಚ್ಚಿ ಹಿಡಿಯುವ ಹಲ್ಲಿನ ಭಾಗದ ವ್ಯಾಸ ಸುಮಾರು ಅರ್ಧ ಮಿಲಿಮೀಟರ್ ಕಡಿಮೆಯಿತ್ತು, ಸ್ಟಡ್ ಕೈಯಲ್ಲೇ ತಿರುಗುತ್ತಿತ್ತು. ಹಿಂದಿರುಗಿಸಿ ಸರಿಯಾದವನ್ನು ತರಿಸಲು ಇನ್ನೂ ಹದಿನೈದು ದಿನ ಹೋಯಿತು. ಸ್ಟಡ್ ತರಿಸುವಾಗ ಥ್ರೆಡ್ಡಿನ ಅಳತೆಯನ್ನು ಹೇಳಿದರೆ ಸಾಲದು. ಹಳೆಯ ಸ್ಟಡ್ ಒಂದನ್ನು ಹೊರತೆಗೆದು ಹಲ್ಲಿನ ಭಾಗದ ವ್ಯಾಸ ಮತ್ತು ಉದ್ದ ಎರಡನ್ನೂ ಅಳೆದು ಕಳಿಸಿ.

ಕೂರಿಸುವ ಕೆಲಸವನ್ನು ಪರಿಚಯದ ಮೆಕ್ಯಾನಿಕ್ ಒಬ್ಬರ ಜೊತೆ ಸೇರಿ ಮಾಡಿದೆ. ಬ್ರೇಕ್ ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್ ಬಿಚ್ಚಿ, ಬ್ರೇಕಿನ ಕೊಳವೆಯ ಮೇಲೆ ಭಾರ ಬೀಳದಂತೆ ತಂತಿಯಲ್ಲಿ ಕಟ್ಟಿ ತೂಗುಹಾಕಿ, ಡಿಸ್ಕ್ ತೆಗೆದು, ಹಳೆಯ ಸ್ಟಡ್‌ಗಳನ್ನು ಸುತ್ತಿಗೆಯಿಂದ ಹಿಂದಕ್ಕೆ ಹೊಡೆದೆವು. ಹೊಸದು ಉದ್ದವಾದದ್ದರಿಂದ ಹಬ್ಬಿನ ಹಿಂದಿನ ಇಕ್ಕಟ್ಟಿನಲ್ಲಿ ತೂರಲೇ ಇಲ್ಲ. ಹಬ್ಬನ್ನೇ ಒತ್ತಿ ಹೊರತೆಗೆದರೆ ಬೇರಿಂಗ್ ಹಾಳಾಗುವ ಸಂಭವ ಹೆಚ್ಚು, ಹಾಗಾಗಿ ಆ ದಾರಿ ಬೇಡವೆಂದು ಇಬ್ಬರೂ ನಿರ್ಧರಿಸಿದೆವು. ಹಬ್ಬನ್ನು ತಿರುಗಿಸುತ್ತಾ ಹುಡುಕಿದಾಗ ನಕ್ಕಲ್ ತಗ್ಗಾಗಿರುವ ಒಂದೇ ಒಂದು ಜಾಗ ಸಿಕ್ಕಿತು. ಅಲ್ಲಿ ಧೂಳು ತಡೆಯುವ ತಗಡನ್ನು ಸ್ವಲ್ಪ ಬಾಗಿಸಿದ ಮೇಲೆ ಸ್ಟಡ್ ಓರೆಯಾಗಿ ಒಳಗೆ ಬಂತು. ಗ್ರೀಸ್ ಹಚ್ಚಿದ ವಾಷರ್‌ಗಳ ಗುಂಪನ್ನು ಸ್ಟಡ್ಡಿಗೆ ಪೋಣಿಸಿ, ಇದಕ್ಕೆಂದೇ ಬೇರೆ ಇಟ್ಟ ನಟ್ ಒಂದನ್ನು ಉದ್ದನೆಯ ಸ್ಪ್ಯಾನರ್‌ನಿಂದ ನಿಧಾನವಾಗಿ ತಿರುಗಿಸಿ ಒಂದೊಂದನ್ನೂ ಎಳೆದು ಕೂರಿಸಿದೆವು. ಪ್ರತಿಯೊಂದರ ತಲೆಯೂ ಹಬ್ಬಿನ ಹಿಂದೆ ಎಡೆಯಿಲ್ಲದೆ ಕೂತಿದೆಯೇ ಎಂದು ದೀಪ ಹಿಡಿದು ನೋಡಿಕೊಂಡೆವು. ಎರಡು ಹಬ್‌ಗಳಿಗೆ ಒಂದು ದಿನ ಪೂರ್ತಿ ಬೇಕಾಯಿತು.

ಸ್ಪೇಸರ್ ಬಂದಾಗ ಅದರ ಜೊತೆ ಲೋಹದ ದಾಖಲೆಯೂ ಬಂತು: ಫೋರ್ಜ್ ಮಾಡಿದ 6061-ಟಿ6 ಅಲ್ಯೂಮಿನಿಯಂ. ಈ ಕಾಗದವನ್ನೂ ರಸೀತಿಯನ್ನೂ ನಾನು ತಪಾಸಣೆಯ ನಮೂನೆಯ ಜೊತೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಸ್ಪೇಸರ್‌ಗಳಿಗೂ ಇವಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ಹೊಳಪು ಬರಿಸಿ, ಬಣ್ಣವಾಗಲಿ ಗ್ರೀಸಾಗಲಿ ಇಲ್ಲದಂತೆ ಒರೆಸಿ ಸ್ಪೇಸರ್ ಇಟ್ಟೆವು. ಎಡಗಡೆಯದು ಗಟ್ಟಿಯಾಗಿ ಕೂತಿತು. ಬಲಗಡೆಯದು ಬೆರಳಿನಿಂದ ಒತ್ತಿದರೆ ತೊನೆಯುತ್ತಿತ್ತು. ಸ್ಪೇಸರೇ ಸೊಟ್ಟಗಿದೆಯೆಂದು ಎದೆ ಕುಸಿಯಿತು. ಎಂಟು ಕಡೆ ಅಳೆದರೂ ದಪ್ಪ ಒಂದೇ ಇತ್ತು. ಕೊನೆಗೆ ನೋಡಿದರೆ ಡಿಸ್ಕನ್ನು ಹಬ್ಬಿಗೆ ಹಿಡಿದಿಡುವ ಚಿಕ್ಕ ತಿರುಪಿನ ತಲೆ ಅರ್ಧ ಮಿಲಿಮೀಟರಿನಷ್ಟು ಮೇಲೆದ್ದಿತ್ತು. ಹೊಸ ತಿರುಪು ಹಾಕಿ ಪೂರ್ತಿ ಒಳಗಿಳಿಸಿದ ಮೇಲೆ ತೊನೆತ ಹೋಯಿತು. ಅದನ್ನು ಗಮನಿಸದೆ ಬಿಗಿದಿದ್ದರೆ ಟಾರ್ಕ್ ರೆಂಚ್ (ಹೊಂದಿಸಿದ ಬಿಗಿತ ಮುಟ್ಟಿದಾಗ ಸದ್ದು ಮಾಡುವ ಸ್ಪ್ಯಾನರ್) ಸರಿಯಾಗಿಯೇ ಕ್ಲಿಕ್ ಎನ್ನುತ್ತಿತ್ತು, ಚಕ್ರ ಮಾತ್ರ ವಾರೆಯಾಗಿ ಕೂರುತ್ತಿತ್ತು. ಥ್ರೆಡ್‌ಗಳಿಗೆ ಎಣ್ಣೆ ಹಚ್ಚದೆ, ಕಾರಿನ ಕೈಪಿಡಿಯಲ್ಲಿದ್ದ 108 ನ್ಯೂಟನ್ ಮೀಟರಿಗೆ ಬಿಗಿದೆವು. ನಟ್ ಹಿಡಿತದ ಸುತ್ತುಗಳು ಈಗ ಹದಿನಾಲ್ಕು ದಾಟುತ್ತಿದ್ದವು, ಸ್ಟಡ್ ನಟ್ಟಿನ ಆಚೆ ಕಾಣುತ್ತಿತ್ತು.

ಒಳಗಡೆಯ ಎಡೆ 12 ಮಿಲಿಮೀಟರ್ ಆಯಿತು. ಆದರೆ ಹೊರಗಡೆ ಟೈರ್ ಈಗ ಮೂಲ ಸ್ಥಿತಿಗಿಂತ 25 ಮಿಲಿಮೀಟರ್ ಆಚೆಗಿತ್ತು. ಈ ಸಲ ಟ್ರ್ಯಾಕ್‌ನಲ್ಲಿ ಪರೀಕ್ಷಿಸುವ ತಪ್ಪು ಮಾಡಲಿಲ್ಲ. ಸ್ಟ್ರಟ್ ಬಿಚ್ಚಿ ಸ್ಪ್ರಿಂಗ್ ತೆಗೆದು, ಬಂಪ್ ಸ್ಟಾಪನ್ನು (ಸ್ಟ್ರಟ್ ಕೊನೆಯವರೆಗೆ ಅದುಮಿದಾಗ ಹೊಡೆತ ತಡೆಯುವ ಮೆತ್ತೆಯನ್ನು) ಮಾತ್ರ ಉಳಿಸಿ ಮತ್ತೆ ಜೋಡಿಸಿ, ಕೆಳ ತೋಳಿನ ಅಡಿ ಜಾಕ್ ಇಟ್ಟು ಚಕ್ರವನ್ನು ಪೂರ್ತಿ ಮೇಲಕ್ಕೆತ್ತುತ್ತಾ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿದೆವು. ಅದುಮಿದ ಸ್ಪ್ರಿಂಗ್ ಪ್ರಾಣ ತೆಗೆಯಬಲ್ಲದು. ಸರಿಯಾದ ಕಂಪ್ರೆಸರ್ ಮತ್ತು ಅದನ್ನು ಬಳಸಿ ಗೊತ್ತಿರುವವರು ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಬಂಪ್ ಸ್ಟಾಪ್ ಪೂರ್ತಿ ಅದುಮುವ ಮೊದಲೇ ಟೈರಿನ ಭುಜ ಫೆಂಡರಿನ ಒಳಮಡಿಕೆಗೆ ತಾಗಿತು. ಅದಕ್ಕಿಂತ ಹೆಚ್ಚು ಹೆದರಿಸಿದ್ದು ಒಳಹೊದಿಕೆಯ ಪ್ಲಾಸ್ಟಿಕ್ಕನ್ನು ಹಿಡಿದಿದ್ದ ಒಂದು ತಿರುಪು. ಅದರ ಮೊನೆ ನೇರವಾಗಿ ಟೈರಿಗೆ ಗುರಿಯಿಟ್ಟಂತಿತ್ತು. ಅದನ್ನು ತೆಗೆದು ಹೊದಿಕೆಯನ್ನು ಹಿಂದಕ್ಕೆ ಸರಿಸಿ ಬೇರೆ ಕಡೆ ಕಟ್ಟಿದೆವು. ಫೆಂಡರಿನ ಮಡಿಕೆಯನ್ನು ಬಿಸಿಗಾಳಿಯಿಂದ ಬಣ್ಣ ಮೆತ್ತಗಾಗುವಂತೆ ಕಾಯಿಸಿ ರೋಲರ್‌ನಿಂದ ಹಲವು ಸಲ, ಒಂದೊಂದು ಸಲಕ್ಕೂ ಸ್ವಲ್ಪವೇ ಒತ್ತಿ ಮಡಚಿಸಿದೆ. ಒಂದು ಕಡೆ ಬಣ್ಣ ಬಿರುಕು ಬಿಟ್ಟಿತು, ತುಕ್ಕು ಹಿಡಿಯದಂತೆ ಅಂದೇ ಬಣ್ಣ ಹಚ್ಚಿಸಿದೆ. ಸುಮಾರು 8 ಮಿಲಿಮೀಟರ್ ಜಾಗ ಸಿಕ್ಕಿತು, ಅಷ್ಟು ಸಾಕಾಯಿತು. ಕ್ಯಾಂಬರ್ ಬೋಲ್ಟ್ ಟೈರಿನ ತಲೆಯನ್ನು ಒಳಗೆ ವಾಲಿಸಿದ್ದು ಈ ಕಡೆಯಲ್ಲಿ ಮಾತ್ರ ನನಗೆ ಸಹಾಯವಾಯಿತು.

ಖರ್ಚಿನ ಮಾತು. ಎಲ್ಲಕ್ಕಿಂತ ಕಡಿಮೆ ಖರ್ಚಾದದ್ದು ಮೊದಲ ಚಪ್ಪಟೆ ಸ್ಪೇಸರ್‌ಗೆ. ಅದನ್ನು ನಂಬಿದ್ದರಿಂದ ಕಳೆದುಹೋದ ಪ್ರವೇಶ ಶುಲ್ಕ, ಎರಡು ಬಾರಿಯ ತೂಕ ಸರಿಮಾಡಿಕೆ ಸೇರಿಸಿದರೆ ಕಡೆದ ಸ್ಪೇಸರ್ ಜೋಡಿಯ ಬೆಲೆಯನ್ನೇ ದಾಟುತ್ತದೆ. ಸ್ಟಡ್, ನಟ್, ಕೂಲಿ, ಫೆಂಡರ್ ಕೆಲಸ, ಸ್ಟ್ರಟ್ ಬಿಚ್ಚಿದ್ದರಿಂದ ಮತ್ತೆ ಮಾಡಿಸಬೇಕಾದ ಅಲೈನ್‌ಮೆಂಟ್ ಎಲ್ಲ ಕೂಡಿದರೆ ಸ್ಪೇಸರಿಗೆ ಕೊಟ್ಟದ್ದು ಒಟ್ಟು ಖರ್ಚಿನ ಚಿಕ್ಕ ಪಾಲು. ಮೊದಲೇ ಸರಿಯಾದ ಆಫ್‌ಸೆಟ್‌ನ ಚಕ್ರ ಆರಿಸಿದ್ದರೆ ಇದರಲ್ಲಿ ಮುಕ್ಕಾಲು ಪಾಲು ಉಳಿಯುತ್ತಿತ್ತು; ಇನ್ನೂ ಚಕ್ರ ಕೊಳ್ಳದವರು ಮೇಲಿನ ಕೂಡುವ ಕಳೆಯುವ ಲೆಕ್ಕವನ್ನು ಈಗಲೇ ಮಾಡಿ ನೋಡಬೇಕೆಂಬುದು ನನ್ನ ಕಳಕಳಿಯ ಕೋರಿಕೆ.

ಕಳೆದ ವಾರ ಮತ್ತೆ ಟ್ರ್ಯಾಕ್‌ಗೆ ಹೋದೆ. ಅದಕ್ಕೂ ಮೊದಲು ಸಾಮಾನ್ಯ ರಸ್ತೆಯಲ್ಲಿ 80 ಕಿಲೋಮೀಟರ್ ಓಡಿಸಿ ನಟ್‌ಗಳನ್ನು ಪರೀಕ್ಷಿಸಿದ್ದೆ. ತಪಾಸಣೆಯಲ್ಲಿ ಅದೇ ತಪಾಸಕರಿದ್ದರು. ಕಾಗದಗಳನ್ನು ಓದಿ, ಸುತ್ತುಗಳನ್ನು ಎಣಿಸಿ, ನಮೂನೆಗೆ ಸಹಿ ಹಾಕಿದರು. ಮೊದಲ ಸರದಿಯ ನಂತರ ಚಕ್ರಗಳು ಆರುವವರೆಗೆ ಕಾದು ಟಾರ್ಕ್ ರೆಂಚ್ ಹಿಡಿದಾಗ ಬಲಗಡೆಯ ಎರಡು ನಟ್‌ಗಳು ತುಸು ತಿರುಗಿದವು. ಹೊಸ ಸ್ಟಡ್‌ಗಳು ಇನ್ನಷ್ಟು ಒಳಗೆ ಕೂರುತ್ತಿರುತ್ತವೆ. ಜೊತೆಗೆ ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಬ್ರೇಕಿನ ಶಾಖ ನೇರವಾಗಿ ಅದಕ್ಕೇ ತಲುಪುತ್ತದೆ. ಎರಡನೆಯ ಸರದಿಯ ನಂತರ ಯಾವ ನಟ್ಟೂ ಅಲುಗಲಿಲ್ಲ. ಆದರೂ ಪ್ರತಿ ಸರದಿಗೂ ಪರೀಕ್ಷಿಸುವ ಅಭ್ಯಾಸವನ್ನು ನಾನು ಬಿಡುವುದಿಲ್ಲ.

ಸ್ಟೀರಿಂಗ್ ಮೊದಲಿಗಿಂತ ಭಾರವಾಗಿದೆ, ಕರ್ಬ್ (ಟ್ರ್ಯಾಕಿನ ಅಂಚಿನ ಉಬ್ಬು ಕಟ್ಟೆ) ಮೇಲೆ ಹತ್ತಿದಾಗ ಕೈಗೆ ಹೊಡೆತ ಹೆಚ್ಚು ತಿಳಿಯುತ್ತದೆ, ಉಬ್ಬುತಗ್ಗಿನ ಮೇಲೆ ಗಟ್ಟಿಯಾಗಿ ಬ್ರೇಕ್ ಹಿಡಿದರೆ ಕಾರು ಅತ್ತಿತ್ತ ಎಳೆಯುತ್ತದೆ. ಟೈರಿನ ನಡುಗೆರೆ ಸ್ಟೀರಿಂಗ್ ತಿರುಗುವ ಅಕ್ಷದಿಂದ ಹೊರಗೆ ಸರಿದದ್ದೇ ಇದಕ್ಕೆ ಕಾರಣ. ನನ್ನ ಕಾರಿನಲ್ಲಿ ಆಫ್‌ಸೆಟ್ ಲೆಕ್ಕದಂತೆ 50ರಿಂದ 35ಕ್ಕೆ ಇಳಿದಿದೆ. ಬೇರಿಂಗಿನ ಮೇಲೂ ಅದೇ 15 ಮಿಲಿಮೀಟರಿನ ಹೆಚ್ಚುವರಿ ಸನ್ನೆಕೋಲಿನ ಒತ್ತಡ ಬೀಳುತ್ತಿದೆ, ಹಾಗಾಗಿ ಪ್ರತಿ ಟ್ರ್ಯಾಕ್ ದಿನದ ನಂತರ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ ನೋಡುತ್ತೇನೆ. ಇವೆಲ್ಲವನ್ನೂ ಒಪ್ಪಿಕೊಂಡೇ ನಾನು ಈ ಸ್ಪೇಸರ್ ಉಳಿಸಿಕೊಂಡಿದ್ದೇನೆ.

ಅಂದು ಬೆಳಿಗ್ಗೆ ಎರಡೂ ಟೈರ್‌ಗಳ ಒಳಗೋಡೆಗೆ ಬಿಳಿ ಸೀಮೆಸುಣ್ಣದ ಪಟ್ಟಿ ಬಳಿದಿದ್ದೆ. ಸಂಜೆ ಕೊನೆಯ ಸರದಿ ಮುಗಿಸಿ ಚಕ್ರ ಬಿಚ್ಚಿ ತಿರುಗಿಸಿದಾಗ, ಬ್ರೇಕಿನ ಕಪ್ಪು ಧೂಳಿನ ಕೆಳಗೆ ಆ ಪಟ್ಟಿ ಎಲ್ಲಿಯೂ ಕಡಿಯದೆ ಪೂರ್ತಿ ಸುತ್ತು ಹಾಗೆಯೇ ಇತ್ತು.